ಕಡಲ ಉಪ್ಪಿನ ಲೆಕ್ಕ

ಬೆಂಗಳೂರಿನ ದಂಡು ಪ್ರದೇಶದ ಮೇಲೆ ಸುರಿದ ಮಳೆಯ ಒಂದು ಪಾಲು ಹಲಸೂರು ಕೆರೆಯನ್ನು ಸೇರುತ್ತದೆ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಕೋಡಿ ಹರಿದು, ಬೆಳ್ಳಂದೂರು ಮತ್ತು ವರ್ತೂರು ಕೆರೆಗಳನ್ನು ಹಾದು, ದಕ್ಷಿಣ ಪಿನಾಕಿನಿ ನದಿಯನ್ನು ಕೂಡಿಕೊಳ್ಳುತ್ತದೆ. ಆ ನದಿ ತಮಿಳುನಾಡಿನಲ್ಲಿ ಹರಿದು ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಇತ್ತ ಪಶ್ಚಿಮ ಘಟ್ಟದ ಪಡುವಣ ಇಳಿಜಾರಿನ ಮಳೆಯಾದರೋ ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳ ಮೂಲಕ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಬಂಗಾಳ ಕೊಲ್ಲಿ, ಅರಬ್ಬೀ ಸಮುದ್ರ ಇವೆರಡೂ ಹಿಂದೂ ಮಹಾಸಾಗರದ ತೋಳುಗಳೇ. ಎರಡರ ಮೇಲೂ ಒಂದೇ ಸೂರ್ಯನ ಬಿಸಿಲು ಬೀಳುತ್ತದೆ, ಮುಂಗಾರು ಮಾರುತ ಬೀಸುತ್ತದೆ. ಆದರೂ ಎರಡರ ನೀರಿನಲ್ಲಿ ಕರಗಿರುವ ಉಪ್ಪಿನ ಪ್ರಮಾಣ ಒಂದೇ ಆಗಿಲ್ಲ. ಅರಬ್ಬೀ ಸಮುದ್ರದ ಮೇಲ್ಪದರದ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪಿದ್ದರೆ, ಮಳೆಗಾಲ ಕಳೆದ ಬಳಿಕ ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿ ಅದು 30 ಗ್ರಾಂಗಿಂತಲೂ ಕಡಿಮೆಯಾಗುವುದುಂಟು. ಹೀಗೇಕೆ?

ಈ ಬಗೆಯ ಪ್ರಶ್ನೆಯನ್ನು ಬರಿಯ ಊಹೆಯ ಕೈಯಿಂದ ಬಿಡಿಸಿ, ತೂಕ ಮತ್ತು ಅಳತೆಗಳ ಹಾದಿಗೆ ತಂದವರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ ಪ್ರಮುಖನು. ಹ್ಯಾಲಿ ಎಂದೊಡನೆ ನಮಗೆ ನೆನಪಾಗುವುದು ಸುಮಾರು 76 ವರ್ಷಗಳಿಗೊಮ್ಮೆ ಬಾನಿನಲ್ಲಿ ಕಾಣಿಸಿಕೊಳ್ಳುವ ಧೂಮಕೇತು. ಬಾನಿನ ಕಡೆಗೆ ಕಣ್ಣು ನೆಟ್ಟಿದ್ದ ಆತನು ಕಡಲಿನ ಕಡೆಗೂ ಅಷ್ಟೇ ಆಸಕ್ತಿಯಿಂದ ನೋಡಿದನೆಂಬುದು ಅನೇಕರಿಗೆ ತಿಳಿಯದ ಸಂಗತಿ.

ಹ್ಯಾಲಿ 1656ರಲ್ಲಿ ಲಂಡನ್ ನಗರದ ಹೊರವಲಯದ ಹ್ಯಾಗರ್‌ಸ್ಟನ್ ಎಂಬಲ್ಲಿ ಜನಿಸಿದನು. ತಂದೆ ಸಾಬೂನು ತಯಾರಿಕೆಯಿಂದ ಸಿರಿವಂತನಾಗಿದ್ದ ವರ್ತಕ. ಮಗನ ವಿದ್ಯಾಭ್ಯಾಸಕ್ಕೆ ಆತನು ಯಾವ ಕೊರತೆಯನ್ನೂ ಮಾಡಲಿಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದು ಮುಗಿಸಿದ ಹ್ಯಾಲಿ 1673ರಲ್ಲಿ ಆಕ್ಸ್‌ಫರ್ಡಿನ ಕ್ವೀನ್ಸ್ ಕಾಲೇಜನ್ನು ಸೇರಿದನು. ಆಗಲೇ ಅವನಿಗೆ ನಕ್ಷತ್ರವೀಕ್ಷಣೆಯ ಹಂಬಲ ಹತ್ತಿತ್ತು. ಯೂರೋಪಿನ ವೀಕ್ಷಣಾಲಯಗಳಿಂದ ಉತ್ತರಾರ್ಧಗೋಳದ ನಕ್ಷತ್ರಗಳನ್ನು ಗುರುತಿಸುವ ಕಾರ್ಯ ನಡೆದಿತ್ತು. ದಕ್ಷಿಣದ ಆಕಾಶವನ್ನು ದೂರದರ್ಶಕದ ನೆರವಿನಿಂದ ಅಳೆದು ಪಟ್ಟಿಮಾಡಿದವರು ಯಾರೂ ಇರಲಿಲ್ಲ. ಆ ಕೆಲಸವನ್ನು ತಾನು ಮಾಡುವೆನೆಂದು ನಿಶ್ಚಯಿಸಿದ ಹ್ಯಾಲಿ, ಪದವಿಯನ್ನೂ ಪಡೆಯದೆ, 1676ರಲ್ಲಿ ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗನ್ನು ಹತ್ತಿ, ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಇರುವ ಸೇಂಟ್ ಹೆಲಿನಾ ದ್ವೀಪಕ್ಕೆ ಹೊರಟನು.

ಆ ಪುಟ್ಟ ದ್ವೀಪದಲ್ಲಿ ಹ್ಯಾಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದನು. 341 ನಕ್ಷತ್ರಗಳ ಸ್ಥಾನಗಳನ್ನು ನಿರ್ಧರಿಸಿದನು. 1677ರಲ್ಲಿ ಬುಧಗ್ರಹವು ಸೂರ್ಯಬಿಂಬವನ್ನು ದಾಟಿಹೋಗುವುದನ್ನು ಆದಿಯಿಂದ ಅಂತ್ಯದವರೆಗೆ ವೀಕ್ಷಿಸಿದನು. ಅಲ್ಲಿ ಅವನನ್ನು ಕಾಡಿದ ಸಂಕಟವೊಂದಿತ್ತು. ಸಮುದ್ರದಿಂದ ಸುಮಾರು 2400 ಅಡಿ ಎತ್ತರದ ಬೆಟ್ಟದ ಮೇಲೆ ರಾತ್ರಿ ಕುಳಿತಾಗ, ಆಕಾಶ ನಿರ್ಮಲವಾಗಿದ್ದರೂ, ದೂರದರ್ಶಕದ ಗಾಜಿನ ಮೇಲೆ ಇಬ್ಬನಿ ಹನಿಗಟ್ಟುತ್ತಿತ್ತು. ಕೆಲವು ನಿಮಿಷಗಳಿಗೊಮ್ಮೆ ಅದನ್ನು ಒರಸಬೇಕಾಗುತ್ತಿತ್ತು. ಬರೆಯಲು ಇಟ್ಟುಕೊಂಡ ಕಾಗದ ಒದ್ದೆಯಾಗಿ ಮಸಿಯನ್ನೇ ಹಿಡಿಯುತ್ತಿರಲಿಲ್ಲ. ಮತ್ತೊಬ್ಬನಾಗಿದ್ದರೆ ಇದನ್ನು ಒಂದು ಪೀಡೆಯೆಂದು ಶಪಿಸಿ ಮರೆತುಬಿಡುತ್ತಿದ್ದನೋ ಏನೋ. ಹ್ಯಾಲಿಯ ಮನಸ್ಸಿನಲ್ಲಿ ಅದು ಪ್ರಶ್ನೆಯಾಗಿ ಉಳಿಯಿತು. ಮೋಡವಿಲ್ಲದ ಇರುಳಿನಲ್ಲಿ ಇಷ್ಟೊಂದು ನೀರು ಗಾಳಿಯಲ್ಲಿ ಎಲ್ಲಿಂದ ಬಂದಿತು? ಸುತ್ತಲೂ ಇದ್ದುದು ಕಡಲೊಂದೇ. ಹಾಗಾದರೆ ಕಡಲು ದಿನವೊಂದಕ್ಕೆ ಎಷ್ಟು ನೀರನ್ನು ಗಾಳಿಗೆ ಕೊಡುತ್ತದೆ?

1678ರಲ್ಲಿ ಸ್ವದೇಶಕ್ಕೆ ಮರಳಿದ ಹ್ಯಾಲಿಗೆ ದೊರೆಯ ಆಜ್ಞೆಯಂತೆ ಪದವಿ ದೊರೆಯಿತು. ಅದೇ ವರ್ಷ ಅವನು ರಾಯಲ್ ಸೊಸೈಟಿಯ ಸದಸ್ಯನಾದನು. 1682ರಲ್ಲಿ ಮೇರಿ ಟುಕ್ ಎಂಬವಳನ್ನು ವಿವಾಹವಾದನು. ಆ ವರ್ಷವೇ ಆಕಾಶದಲ್ಲಿ ಮೂಡಿದ ಧೂಮಕೇತುವನ್ನು ಗಮನವಿಟ್ಟು ನೋಡಿ ಅದರ ಚಲನೆಯನ್ನು ಗುರುತುಹಾಕಿಕೊಂಡನು. 1684ರಲ್ಲಿ ಕೇಂಬ್ರಿಜ್‌ಗೆ ಹೋಗಿ ಐಸಾಕ್ ನ್ಯೂಟನ್ನನನ್ನು ಕಂಡು, ಗ್ರಹಗಳ ಚಲನೆಯನ್ನು ಕುರಿತು ಗ್ರಂಥ ರಚಿಸುವಂತೆ ಪ್ರೇರೇಪಿಸಿದನು. ಆ ಗ್ರಂಥವೇ 1687ರಲ್ಲಿ ಬೆಳಕು ಕಂಡ ಪ್ರಿನ್ಸಿಪಿಯಾ. ರಾಯಲ್ ಸೊಸೈಟಿ ಮೀನುಗಳನ್ನು ಕುರಿತ ಒಂದು ದೊಡ್ಡ ಪುಸ್ತಕವನ್ನು ಅಚ್ಚುಹಾಕಿಸಿ ಬೊಕ್ಕಸವನ್ನು ಬರಿದುಮಾಡಿಕೊಂಡಿತ್ತು. ಆದುದರಿಂದ ನ್ಯೂಟನ್ನನ ಗ್ರಂಥದ ಮುದ್ರಣದ ವೆಚ್ಚವನ್ನು ಹ್ಯಾಲಿ ತನ್ನ ಕೈಯಿಂದಲೇ ಕೊಟ್ಟನು. ಅಷ್ಟೇ ಅಲ್ಲ, ಸೊಸೈಟಿಯ ಗುಮಾಸ್ತನಾಗಿದ್ದ ಅವನಿಗೆ ಸಂಬಳದ ಬದಲು ಮಾರಾಟವಾಗದೆ ಉಳಿದಿದ್ದ ಆ ಮೀನಿನ ಪುಸ್ತಕದ ಪ್ರತಿಗಳನ್ನೇ ನೀಡಲಾಯಿತು. ಪರರ ಕೀರ್ತಿಗಾಗಿ ತನ್ನ ಹಣವನ್ನೂ ಶ್ರಮವನ್ನೂ ವೆಚ್ಚಮಾಡಿದ ಇಂಥವರು ವಿದ್ವತ್ಪ್ರಪಂಚದಲ್ಲಿ ವಿರಳ.

ಪ್ರಿನ್ಸಿಪಿಯಾ ಹೊರಬಂದ ವರ್ಷವೇ ಹ್ಯಾಲಿ ತನ್ನ ಹಳೆಯ ಪ್ರಶ್ನೆಗೆ ಉತ್ತರ ಹುಡುಕಲು ಹೊರಟನು. ಅವನ ಪ್ರಯೋಗ ಬಹಳ ಸರಳ. ಸುಮಾರು 8 ಅಂಗುಲ ಅಗಲ, 4 ಅಂಗುಲ ಆಳದ ಒಂದು ಪಾತ್ರೆಯಲ್ಲಿ ನೀರು ತುಂಬಿ, ಕಡಲ ನೀರಿನಂತೆ ಆಗಲೆಂದು ನಲವತ್ತರಲ್ಲಿ ಒಂದು ಭಾಗ ಉಪ್ಪನ್ನು ಕರಗಿಸಿದನು. ಪಾತ್ರೆಯನ್ನು ತಕ್ಕಡಿಯ ದಂಡಕ್ಕೆ ತೂಗುಹಾಕಿ, ಕೆಳಗೆ ಕೆಂಡವಿರಿಸಿ, ಬೇಸಿಗೆಯ ಗಾಳಿಯಷ್ಟು ಮಾತ್ರ ನೀರು ಬೆಚ್ಚಗಾಗುವಂತೆ ಎಚ್ಚರವಹಿಸಿದನು. ಎರಡು ಗಂಟೆಗಳಲ್ಲಿ ಪಾತ್ರೆಯ ತೂಕ ಎಷ್ಟು ಕಡಿಮೆಯಾಯಿತೆಂದು ನೋಡಿದನು. ಆ ಲೆಕ್ಕದಂತೆ ಹಗಲಿನ ಹನ್ನೆರಡು ಗಂಟೆಗಳಲ್ಲಿ ಕಡಲಿನ ನೀರು ಒಂದು ಅಂಗುಲದ ಹತ್ತನೆಯ ಒಂದು ಭಾಗದಷ್ಟು ಇಂಗಿ ಆವಿಯಾಗುತ್ತದೆ ಎಂಬುದು ಅವನ ತೀರ್ಮಾನವಾಯಿತು.

ಈ ಅಳತೆಯನ್ನು ಹ್ಯಾಲಿ ಮೆಡಿಟರೇನಿಯನ್ ಸಮುದ್ರಕ್ಕೆ ಅನ್ವಯಿಸಿದನು. ಬೇಸಿಗೆಯ ಒಂದು ದಿನದಲ್ಲಿ ಆ ಸಮುದ್ರದಿಂದ 528 ಕೋಟಿ ಟನ್ ನೀರು ಆವಿಯಾಗುತ್ತದೆಂದು ಲೆಕ್ಕ ಬಂದಿತು. ಅದನ್ನು ಸೇರುವ ನೈಲ್, ಡ್ಯಾನ್ಯೂಬ್, ರೋನ್, ಪೋ ಮೊದಲಾದ ಒಂಬತ್ತು ದೊಡ್ಡ ನದಿಗಳಲ್ಲಿ ಪ್ರತಿಯೊಂದೂ ಥೇಮ್ಸ್ ನದಿಯ ಹತ್ತರಷ್ಟು ನೀರನ್ನು ತರುತ್ತದೆಂದು ಧಾರಾಳವಾಗಿ ಭಾವಿಸಿದರೂ, ಒಟ್ಟು ಒಳಹರಿವು ದಿನಕ್ಕೆ 182 ಕೋಟಿ 70 ಲಕ್ಷ ಟನ್ ಮಾತ್ರ. ಅಂದರೆ ವೆಚ್ಚದ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ವರಮಾನಕ್ಕಿಂತ ವೆಚ್ಚ ಹೆಚ್ಚಾದ ಮನೆಯಂತಾಯಿತು ಆ ಸಮುದ್ರದ ಸ್ಥಿತಿ. ಹ್ಯಾಲಿಯ ಅಂಕಿಗಳು ಸ್ಥೂಲವಾದವು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ತೋರಿದ ದಿಕ್ಕು ಸರಿಯಾಗಿತ್ತು. ಕಡಿಮೆಬಿದ್ದ ನೀರನ್ನು ತುಂಬಲು ಜಿಬ್ರಾಲ್ಟರ್ ಜಲಸಂಧಿಯ ಮೂಲಕ ಅಟ್ಲಾಂಟಿಕ್ ಸಾಗರದ ನೀರು ಎಡೆಬಿಡದೆ ಒಳನುಗ್ಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ನಾವು ಚೆನ್ನಾಗಿ ಗಮನಿಸಬೇಕು. ಆವಿಯಾಗಿ ಮೇಲೇರುವುದು ನೀರು ಮಾತ್ರ, ಉಪ್ಪು ಹಿಂದೆಯೇ ಉಳಿಯುತ್ತದೆ. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಅಲ್ಲಿ ಉಪ್ಪುನೀರನ್ನು ಪಾತಿಗಳಿಗೆ ಹಾಯಿಸಿ ಬಿಸಿಲಿಗೆ ಬಿಟ್ಟರೆ, ನೀರು ಆರಿ ಉಪ್ಪು ಹರಳುಗಟ್ಟುತ್ತದೆ. ಮಳೆ ಬಿದ್ದೊಡನೆ ಆ ಕೆಲಸ ನಿಲ್ಲುತ್ತದೆ. ವಿಶಾಲವಾದ ಕಡಲಿನಲ್ಲಿ ನಡೆಯುವುದೂ ಇದೇ. ಬಿಸಿಲು, ಒಣಗಾಳಿಗಳು ಹೆಚ್ಚಾಗಿ ಮಳೆ, ನದಿಗಳು ಕಡಿಮೆಯಾದ ಕಡೆ ಉಪ್ಪು ಗಟ್ಟಿಯಾಗುತ್ತದೆ. ಮಳೆ, ನದಿಗಳು ಹೆಚ್ಚಾದ ಕಡೆ, ಹಿಮ ಕರಗಿ ಬಂದು ಸೇರುವ ಕಡೆ, ಉಪ್ಪು ತೆಳುವಾಗುತ್ತದೆ. ಮಹಾಸಾಗರಗಳ ಸರಾಸರಿ ಲವಣಾಂಶ ಕಿಲೋಗ್ರಾಂ ನೀರಿಗೆ 35 ಗ್ರಾಂ. ಮಳೆಯೂ ನದಿಯೂ ಇಲ್ಲದಂತಿರುವ ಕೆಂಪು ಸಮುದ್ರದಲ್ಲಿ ಅದು 40ರ ಆಸುಪಾಸಿಗೆ ಏರುತ್ತದೆ. ಅನೇಕ ನದಿಗಳು ಬಂದು ಬೀಳುವ, ಬಿಸಿಲು ಕಡಿಮೆಯಾದ ಬಾಲ್ಟಿಕ್ ಸಮುದ್ರದ ನಡುಭಾಗದಲ್ಲಿ ಕೇವಲ 7ರಷ್ಟಿದೆ. ಒಂದೇ ಮೆಡಿಟರೇನಿಯನ್ ಸಮುದ್ರದಲ್ಲಿಯೂ ಜಿಬ್ರಾಲ್ಟರ್ ಬಳಿ 36ರಷ್ಟಿರುವ ಲವಣಾಂಶ ಪೂರ್ವದ ತುದಿಯಲ್ಲಿ 39ನ್ನು ಮುಟ್ಟುತ್ತದೆ. ಅಟ್ಲಾಂಟಿಕ್‌ನಿಂದ ಬಂದ ನೀರು ಪೂರ್ವಕ್ಕೆ ಸಾಗುತ್ತ ಸಾಗುತ್ತ ಬಿಸಿಲಿಗೆ ತನ್ನ ಪಾಲನ್ನು ತೆತ್ತು ಉಪ್ಪಾಗುವುದೇ ಇದಕ್ಕೆ ಕಾರಣ.

ಹಾಗಾದರೆ ಬಂಗಾಳ ಕೊಲ್ಲಿಯ ನೀರು ಏಕೆ ಕಡಿಮೆ ಉಪ್ಪೆಂಬುದು ಈಗ ಸ್ಪಷ್ಟವಾಗುತ್ತದೆ. ಗಂಗೆ, ಬ್ರಹ್ಮಪುತ್ರೆ, ಐರಾವತಿ, ಮಹಾನದಿ, ಗೋದಾವರಿ, ಕೃಷ್ಣೆ, ಕಾವೇರಿಗಳಂಥ ಮಹಾನದಿಗಳೆಲ್ಲ ಆ ಕೊಲ್ಲಿಗೇ ನೀರೆರೆಯುತ್ತವೆ. ಮುಂಗಾರಿನ ಮಳೆಯೂ ಅದರ ಮೇಲೆ ಧಾರಾಳವಾಗಿ ಸುರಿಯುತ್ತದೆ. ಹಲಸೂರು ಕೆರೆಯ ಕೋಡಿಯ ನೀರೂ ಆ ಮಹಾಪ್ರವಾಹದಲ್ಲಿ ಒಂದು ಹನಿ. ಅರಬ್ಬೀ ಸಮುದ್ರದಲ್ಲಾದರೋ ಮಳೆ ಮತ್ತು ನದಿಗಳು ಕೊಡುವುದಕ್ಕಿಂತ ಒಣಗಾಳಿ ಹೀರುವುದೇ ಹೆಚ್ಚು.

ಗಾಳಿಯ ಮಹತ್ತ್ವವನ್ನು ಹ್ಯಾಲಿ ಚೆನ್ನಾಗಿ ಅರಿತಿದ್ದನು. 1686ರಲ್ಲಿಯೇ ಅವನು ಸಾಗರಗಳ ಮೇಲೆ ಬೀಸುವ ಗಾಳಿಗಳ ಭೂಪಟವನ್ನು ಪ್ರಕಟಿಸಿ, ಹಿಂದೂ ಮಹಾಸಾಗರದ ಮಾನ್ಸೂನ್ ಮಾರುತಗಳನ್ನೂ ಅದರಲ್ಲಿ ಗುರುತಿಸಿದ್ದನು. 1693ರಲ್ಲಿ ಬಿಸಿಲೂ ಗಾಳಿಯೂ ತಾಗದ ಕೋಣೆಯೊಂದರಲ್ಲಿ ನೀರನ್ನಿಟ್ಟು ವರ್ಷವಿಡೀ ಅಳೆಯಿಸಿದಾಗ ಇಂಗಿದ ನೀರು 8 ಅಂಗುಲ ಮಾತ್ರ. ತೆರೆದ ಕಡಲಿನಿಂದ ಮೇಲೇರುವ ನೀರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚೆಂದೂ, ಬಿಸಿಲು ಮತ್ತು ಗಾಳಿಗಳೇ ಆ ಅಂತರಕ್ಕೆ ಕಾರಣವೆಂದೂ ಇದರಿಂದ ತಿಳಿದುಬಂದಿತು. ಕಡಲಿನಿಂದ ಎದ್ದ ಆವಿ ಬೆಟ್ಟಗಳನ್ನು ತಾಕಿ ತಣಿದು, ಮಳೆಯಾಗಿ, ಒರತೆಯಾಗಿ, ನದಿಯಾಗಿ ಮತ್ತೆ ಕಡಲಿಗೇ ಮರಳುವ ಚಕ್ರವನ್ನು ಅವನು ವಿವರಿಸಿದನು. ಸೇಂಟ್ ಹೆಲಿನಾದ ಇಬ್ಬನಿ ಕೇಳಿದ ಪ್ರಶ್ನೆಗೆ ಹೀಗೆ ಉತ್ತರ ದೊರೆಯಿತು.

ಹ್ಯಾಲಿ ಮೇಜಿನ ಮುಂದೆ ಕುಳಿತು ಕಡಲನ್ನು ಅರಿತವನಲ್ಲ. 1691ರಲ್ಲಿ ಮುಳುಗು ಗಂಟೆಯೊಂದನ್ನು ರೂಪಿಸಿ, ತಾನೇ ಅದರೊಳಗೆ ಕುಳಿತು ಸುಮಾರು 60 ಅಡಿ ಆಳಕ್ಕೆ ಇಳಿದನು. 1698ರಿಂದ 1700ರವರೆಗೆ ಪ್ಯಾರಮೋರ್ ಎಂಬ ಚಿಕ್ಕ ಹಡಗಿನ ನಾಯಕನಾಗಿ ಅಟ್ಲಾಂಟಿಕ್ ಸಾಗರದಲ್ಲಿ ಎರಡು ಬಾರಿ ಯಾನ ಮಾಡಿದನು. ಮೊದಲನೆಯ ಯಾನದಲ್ಲಿ ಕೈಕೆಳಗಿನ ಅಧಿಕಾರಿಯೇ ಅವಿಧೇಯನಾದನು. ಎರಡನೆಯ ಯಾನದಲ್ಲಿ ದಕ್ಷಿಣದ ಹಿಮಗಡ್ಡೆಗಳ ನಡುವೆ ಮಂಜು ಮುಸುಕಿ ಹಡಗು ಅಪಾಯಕ್ಕೆ ಸಿಕ್ಕಿತು. ಆದರೂ ಹ್ಯಾಲಿ ಎದೆಗುಂದದೆ ದಿಕ್ಸೂಚಿಯ ಮುಳ್ಳು ಎಲ್ಲೆಲ್ಲಿ ಎಷ್ಟೆಷ್ಟು ಓರೆಯಾಗುತ್ತದೆಂಬುದನ್ನು ಅಳೆದು, 1701ರಲ್ಲಿ ನಾವಿಕರ ಉಪಯೋಗಕ್ಕಾಗಿ ಭೂಪಟವನ್ನು ಪ್ರಕಟಿಸಿದನು. 1704ರಲ್ಲಿ ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕನಾದನು. ಮರುವರ್ಷ ಪ್ರಕಟಿಸಿದ ಪ್ರಬಂಧದಲ್ಲಿ, 1531, 1607 ಮತ್ತು 1682ರಲ್ಲಿ ಕಾಣಿಸಿಕೊಂಡದ್ದು ಒಂದೇ ಧೂಮಕೇತುವೆಂದೂ ಅದು 1758ರಲ್ಲಿ ಮತ್ತೆ ಬರುವುದೆಂದೂ ಸಾರಿದನು. ಆಗ ಅವನಿಗೆ 48 ವರ್ಷ ವಯಸ್ಸು. ಆ ಧೂಮಕೇತುವಿನ ಮರುಬರವನ್ನು ನೋಡಲು ತಾನು ಬದುಕಿರುವುದಿಲ್ಲವೆಂಬುದನ್ನು ಅವನು ಬಲ್ಲನು.

1715ರಲ್ಲಿ ಹ್ಯಾಲಿ ಮತ್ತೊಮ್ಮೆ ಕಡಲಿನ ಉಪ್ಪಿನ ಕಡೆಗೆ ತಿರುಗಿದನು. ಕಡಲಿಗೆ ಉಪ್ಪು ಬಂದುದಾದರೂ ಎಲ್ಲಿಂದ? ನದಿಯ ನೀರು ನಾಲಿಗೆಗೆ ಸಿಹಿಯೆನಿಸಿದರೂ ಅದರಲ್ಲಿ ನೆಲದಿಂದ ಕರಗಿಬಂದ ಲವಣಗಳು ಅಲ್ಪವಾಗಿ ಇದ್ದೇ ಇರುತ್ತವೆ. ಕೃಷ್ಣರಾಜಪುರದಂಥ ಕಡೆಗಳಲ್ಲಿ ಕೊಳವೆ ಬಾವಿಯ ಗಡಸು ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ನಾವು ನೋಡುತ್ತೇವಷ್ಟೆ. ಕೆರೆಗೆ ಕೋಡಿಯಿದ್ದರೆ ಈ ಲವಣಗಳು ನೀರಿನೊಡನೆ ಮುಂದಕ್ಕೆ ಹರಿದುಹೋಗುತ್ತವೆ. ಬೆಂಗಳೂರಿನ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸಾಲಾಗಿ ರಚಿತವಾಗಿರುವುದರಿಂದ ಅವುಗಳಲ್ಲಿ ಉಪ್ಪು ನಿಲ್ಲುವುದಿಲ್ಲ. ಹೊರದಾರಿಯಿಲ್ಲದ ಸರೋವರದಲ್ಲಾದರೋ ನೀರು ಆವಿಯಾಗುತ್ತ, ಲವಣ ಉಳಿಯುತ್ತ, ವರ್ಷದಿಂದ ವರ್ಷಕ್ಕೆ ಉಪ್ಪು ಕೂಡಿಕೊಳ್ಳುತ್ತದೆ. ಕ್ಯಾಸ್ಪಿಯನ್ ಸಮುದ್ರವನ್ನೂ ಮೃತ ಸಮುದ್ರವನ್ನೂ ಹ್ಯಾಲಿ ಇದಕ್ಕೆ ನಿದರ್ಶನವಾಗಿ ಕೊಟ್ಟನು. ನಮ್ಮ ರಾಜಸ್ಥಾನದ ಸಾಂಭರ್ ಸರೋವರವೂ ಅಂಥದೇ. ಮಹಾಸಾಗರವೂ ಕೋಡಿಯಿಲ್ಲದ ಒಂದು ಬೃಹತ್ ಕೆರೆಯಲ್ಲವೆ? ಹಾಗಿದ್ದ ಮೇಲೆ ಅದರ ಉಪ್ಪು ಶತಮಾನಕ್ಕೆ ಎಷ್ಟು ಹೆಚ್ಚುತ್ತದೆಂದು ತಿಳಿದರೆ ಭೂಮಿಯ ವಯಸ್ಸನ್ನೇ ಕಂಡುಹಿಡಿಯಬಹುದೆಂದು ಅವನು ತರ್ಕಿಸಿದನು.

ಆದರೆ ಹೋಲಿಸಿ ನೋಡಲು ಹಿಂದಿನವರ ಅಳತೆ ಬೇಕಲ್ಲ! ಪ್ರಾಚೀನ ಗ್ರೀಕರಾಗಲಿ ರೋಮನರಾಗಲಿ ತಮ್ಮ ಕಾಲದ ಕಡಲು ಎಷ್ಟು ಉಪ್ಪಾಗಿತ್ತೆಂಬುದನ್ನು ಬರೆದಿಟ್ಟಿರಲಿಲ್ಲ. ಹ್ಯಾಲಿಗೆ ಇದು ದೊಡ್ಡ ಕೊರತೆಯಾಗಿ ತೋರಿತು. ತಮ್ಮ ಕಾಲದವರಾದರೂ ಆ ತಪ್ಪನ್ನು ಮಾಡಬಾರದೆಂದೂ, ಕಡಲಿನ ಮತ್ತು ಸರೋವರಗಳ ಉಪ್ಪನ್ನು ಈಗಲೇ ಎಚ್ಚರಿಕೆಯಿಂದ ಅಳೆದು ದಾಖಲೆ ಮಾಡಿ ಮುಂದಿನ ಶತಮಾನಗಳವರಿಗೆ ಒಪ್ಪಿಸಬೇಕೆಂದೂ ಅವನು ರಾಯಲ್ ಸೊಸೈಟಿಯನ್ನು ಕೇಳಿಕೊಂಡನು. ಮಾವಿನ ಸಸಿ ನೆಡುವ ಮುದುಕನು ಹಣ್ಣನ್ನು ತಾನು ತಿನ್ನುವೆನೆಂದು ನೆಡುವುದಿಲ್ಲ. ಹ್ಯಾಲಿಯ ಕೋರಿಕೆಯೂ ಅಂಥದೇ ಆಗಿತ್ತು.

ಉಪ್ಪಿನಿಂದ ಭೂಮಿಯ ವಯಸ್ಸನ್ನು ಎಣಿಸುವ ಅವನ ಉಪಾಯ ಕೊನೆಗೆ ಫಲಿಸಲಿಲ್ಲ. 1899ರಲ್ಲಿ ಐರ್ಲೆಂಡಿನ ಜಾನ್ ಜೋಲಿ ಇಂಥದೇ ಮಾರ್ಗದಿಂದ ಲೆಕ್ಕಹಾಕಿ ಸುಮಾರು ಒಂಬತ್ತು ಕೋಟಿ ವರ್ಷಗಳೆಂದು ಹೇಳಿದನು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷಗಳೆಂಬುದು ಈಗ ಸಿದ್ಧವಾಗಿದೆ. ಕಡಲಿಗೆ ಉಪ್ಪು ಬರುವಂತೆ ಕಡಲಿನಿಂದ ಹೊರಗೂ ಹೋಗುತ್ತದೆ. ತಳದ ಕೆಸರಿನಲ್ಲಿ ಸೇರಿ, ಬತ್ತಿದ ಕೊಲ್ಲಿಗಳಲ್ಲಿ ಉಪ್ಪಿನ ಬಂಡೆಯಾಗಿ ನಿಂತು, ಅದು ಕಡಲಿನ ಖಾತೆಯಿಂದ ಕಳೆದುಹೋಗುತ್ತದೆ. ಈ ವೆಚ್ಚ ಹ್ಯಾಲಿಯ ಲೆಕ್ಕದಲ್ಲಿ ಸೇರಿರಲಿಲ್ಲ.

ಉಪಾಯ ಸೋತರೂ ಅಳತೆಗಳನ್ನು ಉಳಿಸಿಡಬೇಕೆಂಬ ಅವನ ಮಾತು ಸೋಲಲಿಲ್ಲ. 1872ರಿಂದ 1876ರವರೆಗೆ ಚಾಲೆಂಜರ್ ಎಂಬ ಹಡಗು ಜಗತ್ತಿನ ಸಾಗರಗಳನ್ನು ಸುತ್ತಿ ನೀರಿನ ಮಾದರಿಗಳನ್ನು ತಂದಿತು. ಅವುಗಳಲ್ಲಿ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನವಿಜ್ಞಾನಿ ಪರೀಕ್ಷಿಸಿದನು. ಒಟ್ಟು ಉಪ್ಪಿನ ಪ್ರಮಾಣ ಒಂದೊಂದು ಕಡೆ ಒಂದೊಂದು ಬಗೆಯಾಗಿದ್ದರೂ, ಆ ಉಪ್ಪಿನೊಳಗೆ ಬೇರೆ ಬೇರೆ ಲವಣಗಳ ಪರಸ್ಪರ ಪ್ರಮಾಣ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಎಂದು ಅವನು 1884ರಲ್ಲಿ ತೋರಿಸಿದನು. ತೆರೆದ ಸಾಗರದಲ್ಲಿ ಊರಿಂದೂರಿಗೆ ವ್ಯತ್ಯಾಸವಾಗುವುದು ಮುಖ್ಯವಾಗಿ ಅದಕ್ಕೆ ಸೇರುವ ಮತ್ತು ಅದರಿಂದ ಹೋಗುವ ನೀರಿನ ಮೊತ್ತ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಈ ಅರಿವು ನಮ್ಮ ನಾಡಿನ ಬಾಳಿಗೆ ತೀರ ಹತ್ತಿರದ್ದು. ಬಂಗಾಳ ಕೊಲ್ಲಿಯ ಮೇಲ್ಪದರದ ಸಿಹಿಯಾದ ನೀರು ಹಗುರವಾದುದರಿಂದ, ಕೆಳಗಿನ ಭಾರವಾದ ಉಪ್ಪುನೀರಿನೊಡನೆ ಸುಲಭವಾಗಿ ಬೆರೆಯುವುದಿಲ್ಲ. ಆಳದ ತಂಪು ಮೇಲಕ್ಕೆ ಬಾರದೆ ಮೇಲ್ಮೈ ಬೆಚ್ಚಗೇ ಉಳಿಯುತ್ತದೆ. ಆ ಬೆಚ್ಚನೆಯ ಕಡಲಿನಿಂದ ಮೋಡಗಳೂ ಚಂಡಮಾರುತಗಳೂ ಬಲ ಪಡೆಯುತ್ತವೆ. ಚಳಿಗಾಲದಲ್ಲಿ ಆ ತೆಳು ಉಪ್ಪಿನ ನೀರು ಶ್ರೀಲಂಕೆಯನ್ನು ಬಳಸಿಕೊಂಡು ಅರಬ್ಬೀ ಸಮುದ್ರದ ಆಗ್ನೇಯ ಭಾಗಕ್ಕೂ ಬರುತ್ತದೆ. ಆದುದರಿಂದಲೇ 1999ರಲ್ಲಿ ಸಾಗರಕನ್ಯಾ ಮತ್ತು ಸಾಗರಧ್ವನಿ ಹಡಗುಗಳಲ್ಲಿಯೂ, 2016ರಲ್ಲಿ ಸಿಂಧು ಸಾಧನಾ ಹಡಗಿನಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇತರರೊಡಗೂಡಿ ಮುಂಗಾರಿನ ಕಾಲದಲ್ಲಿ ಬಂಗಾಳ ಕೊಲ್ಲಿಗೆ ತೆರಳಿ ಅದರ ಬಿಸಿಯನ್ನೂ ಉಪ್ಪನ್ನೂ ಅಳೆದರು. ಕಡಲಿಲ್ಲದ ಊರಿನವರು ಕಡಲನ್ನು ಅಳೆಯಹೋದುದು ವಿನೋದಕ್ಕಲ್ಲ. ಹೊಲದ ಮೇಲೆ ಬೀಳುವ ಮಳೆಯ ಮುನ್ಸೂಚನೆ ಆ ಅಳತೆಗಳನ್ನು ಅವಲಂಬಿಸಿದೆ.

ಇಂದು ಸುಮಾರು ನಾಲ್ಕು ಸಾವಿರ ತೇಲುಯಂತ್ರಗಳು ಜಗತ್ತಿನ ಸಾಗರಗಳಲ್ಲಿ ಮುಳುಗೇಳುತ್ತ, ಹತ್ತು ದಿನಗಳಿಗೊಮ್ಮೆ ನೀರಿನ ಬಿಸಿ ಮತ್ತು ಉಪ್ಪಿನ ವರದಿಯನ್ನು ಕಳುಹಿಸುತ್ತವೆ. ಈ ದಾಖಲೆಗಳನ್ನು ಹಳೆಯವುಗಳೊಡನೆ ಹೋಲಿಸಿದಾಗ, 1950ರ ದಶಕದಿಂದೀಚೆಗೆ ಉಪ್ಪು ಹೆಚ್ಚಾಗಿದ್ದ ಸಾಗರಭಾಗಗಳು ಇನ್ನಷ್ಟು ಉಪ್ಪಾಗುತ್ತ, ಕಡಿಮೆಯಿದ್ದ ಭಾಗಗಳು ಇನ್ನಷ್ಟು ಸಿಹಿಯಾಗುತ್ತ ಬಂದಿರುವುದು ಕಂಡುಬಂದಿದೆ. ಭೂಮಿ ಬಿಸಿಯಾದಂತೆ ಆವಿ ಮತ್ತು ಮಳೆಗಳ ಚಕ್ರ ಬಿರುಸಾಗುತ್ತಿರುವುದರ ಗುರುತು ಇದು. ಹಳಬರು ಅಳತೆಗಳನ್ನು ಬರೆದಿಡದೆ ಹೋಗಿದ್ದರೆ ಈ ಎಚ್ಚರಿಕೆ ನಮಗೆ ದೊರೆಯುತ್ತಿರಲಿಲ್ಲ.

1720ರಲ್ಲಿ ಹ್ಯಾಲಿ ಗ್ರೀನಿಚ್‌ನಲ್ಲಿ ರಾಜಖಗೋಳಜ್ಞನ ಪದವಿಗೆ ಏರಿದನು. ಆಗ ಅವನಿಗೆ 63 ವರ್ಷ. ಚಂದ್ರನ ಚಲನೆಯನ್ನು ಪೂರ್ಣವಾಗಿ ಅರಿಯಲು ಹದಿನೆಂಟು ವರ್ಷಗಳ ವೀಕ್ಷಣೆ ಬೇಕು. ವಿಶ್ರಾಂತಿ ಪಡೆಯುವ ವಯಸ್ಸಿನಲ್ಲಿ ಆ ಕೆಲಸವನ್ನು ಕೈಗೆತ್ತಿಕೊಂಡು, ಹದಿನೆಂಟು ವರ್ಷವೂ ಮುಂದುವರಿಸಿದನು. 1742ರ ಜನವರಿಯಲ್ಲಿ, ತನ್ನ 85ನೆಯ ವಯಸ್ಸಿನಲ್ಲಿ ಆತನು ಕಾಲವಾದನು. ಅವನು ಹೇಳಿದ್ದ ಧೂಮಕೇತು 1758ರ ಡಿಸೆಂಬರ್ 25ರಂದು ಮತ್ತೆ ಕಾಣಿಸಿಕೊಂಡು ಅವನ ಹೆಸರನ್ನೇ ಪಡೆಯಿತು. 1910ರಲ್ಲಿಯೂ 1986ರಲ್ಲಿಯೂ ಅದು ಬಂದುಹೋಯಿತು. ಇನ್ನು ಬರುವುದು 2061ರಲ್ಲಿ. ಈಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವವರು ಅದನ್ನು ಕಾಣುವ ವೇಳೆಗೆ ಮುಪ್ಪಿನತ್ತ ಸಾಗಿರುತ್ತಾರೆ. ಅಷ್ಟರಲ್ಲಿ ಬಂಗಾಳ ಕೊಲ್ಲಿಯ ಉಪ್ಪು ಎಷ್ಟಾಗಿರುವುದೆಂಬುದನ್ನು ಯಾರಾದರೂ ಅಳೆದು ನೋಡುವರು. ಆಗ ಅವರು ಹೋಲಿಸಿ ನೋಡುವುದು ನಮ್ಮ ಕಾಲದವರು ಬರೆದಿಟ್ಟ ಲೆಕ್ಕದೊಡನೆ. ಅದು ಸರಿಯಾಗಿರುವಂತೆ ನೋಡಿಕೊಳ್ಳುವ ಹೊಣೆ ನಮ್ಮದು.